ಬಾದಾಮಿಯನ್ನು ಸುಟ್ಟ ಲೇಖನಿ: ತಮಿಳಿನ ಕಲ್ಕಿ ಕೃಷ್ಣಮೂರ್ತಿಯವರು

ಚೆನ್ನೈ ನಗರದಲ್ಲಿ ಗಲ್ಲೆಯ ಮೇಲೆ ಕುಳಿತು ಕೆಲವು ವರ್ಷ ಕಳೆದ ಕನ್ನಡಿಗನಿಗೆ ಒಂದು ಮಾತು ಕೇಳಿ ಕೇಳಿ ಅಭ್ಯಾಸವಾಗಿರುತ್ತದೆ. ಗಿರಾಕಿಯು ಕಾಫಿ ಕುಡಿದು, ಹಣ ಕೊಟ್ಟು, ಚಿಲ್ಲರೆ ಎಣಿಸಿಕೊಳ್ಳುತ್ತ, “ನೀವು ಕನ್ನಡದವರಲ್ಲವೇ ಸ್ವಾಮಿ? ನಿಮ್ಮ ಪುಲಿಕೇಶಿಯನ್ನು ಸೋಲಿಸಿ ವಾತಾಪಿಯನ್ನು ಸುಟ್ಟವನು ನಮ್ಮ ಮಾಮಲ್ಲ” ಎಂದು ನಗುತ್ತಾನೆ. ಅದರಲ್ಲಿ ದ್ವೇಷವೇನೂ ಇರುವುದಿಲ್ಲ. ನೆರೆಮನೆಯವನು ಹಳೆಯ ಕ್ರಿಕೆಟ್ ಪಂದ್ಯದ ಸೋಲನ್ನು ನೆನಪಿಸುವಂತೆ ನೆನಪಿಸುತ್ತಾನೆ, ಅಷ್ಟೆ. ಆದರೂ ಸಾವಿರದ ಮುನ್ನೂರೆಂಬತ್ತು ವರ್ಷಗಳ ಹಿಂದೆ ನಡೆದ ಯುದ್ಧವೊಂದರ ಫಲಿತಾಂಶವನ್ನು ಹಾದಿಹೋಕನೊಬ್ಬನು ಇಷ್ಟು ಸಲೀಸಾಗಿ ಹೇಳಬಲ್ಲನೆಂದರೆ ಅದು ಸಾಮಾನ್ಯ ಸಂಗತಿಯಲ್ಲ. ನಮ್ಮವರಲ್ಲಿ ಎಷ್ಟು ಜನ ಪುಲಿಕೇಶಿಯ ತಂದೆಯ ಹೆಸರನ್ನು ಹೇಳಿಯಾರು?

ಹಾಗೆಂದು ಆ ಗಿರಾಕಿಯು ಇತಿಹಾಸದ ಪಂಡಿತನಲ್ಲ, ಶಾಸನಗಳನ್ನು ಓದಿದವನೂ ಅಲ್ಲ. ಅವನು ಓದಿದ್ದು ಒಂದು ಕಾದಂಬರಿ. ಇಲ್ಲವೇ ಅವನ ತಾಯಿ ಓದಿ ಅವನಿಗೆ ಹೇಳಿದ್ದು. ಆ ಕಾದಂಬರಿಯ ಹೆಸರು ‘ಶಿವಗಾಮಿಯಿನ್ ಶಪಥಂ’. ಬರೆದವರು ‘ಕಲ್ಕಿ’ ಎಂಬ ಹೆಸರಿನಿಂದ ತಮಿಳುನಾಡಿನ ಮನೆಮನೆಗೂ ಪರಿಚಿತರಾದ ರಾ. ಕೃಷ್ಣಮೂರ್ತಿಯವರು. ಪುಲಿಕೇಶಿಯನ್ನು ಖಳನಾಯಕನನ್ನಾಗಿ ಮಾಡಿದ ಈ ಮಹಾಶಯರನ್ನು ನಾವು ಕನ್ನಡಿಗರು ಓದುವುದೆಂತು ಎಂಬ ಪ್ರಶ್ನೆಯು ನಮ್ಮನ್ನು ಬಹುಕಾಲ ಕಾಡಿದೆ. ಅವರ ಜೀವನವನ್ನೂ ಕೃತಿಗಳನ್ನೂ ವಾಚಕರ ಮುಂದಿಡುವ ಈ ಬರಹವು ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

ಪರೀಕ್ಷೆಗೆ ಕೂರದ ಹುಡುಗ

ಕೃಷ್ಣಮೂರ್ತಿಯವರು ಹುಟ್ಟಿದ್ದು ೧೮೯೯ನೆಯ ಇಸವಿ ಸೆಪ್ಟೆಂಬರ್ ೯ರಂದು, ಅಂದಿನ ತಂಜಾವೂರು ಜಿಲ್ಲೆಯ ಮಾಯವರಂ ಬಳಿಯ ಬುದ್ಧಮಂಗಲವೆಂಬ ಸಣ್ಣ ಹಳ್ಳಿಯಲ್ಲಿ. ತಂದೆ ರಾಮಸ್ವಾಮಿ ಅಯ್ಯರ್ ಅವರು ಊರಿನ ಲೆಕ್ಕ ಬರೆಯುವವರು. ನಮ್ಮ ಕಡೆಯ ಮಾತಿನಲ್ಲಿ ಶಾನುಭೋಗರು. ಮನೆಯಲ್ಲಿ ಬಡತನವೇ ಹೆಚ್ಚು. ಊರಿನ ಶಾಲೆ ಮುಗಿಸಿ, ಮಾಯವರದಲ್ಲಿ ಓದಿ, ಬಳಿಕ ತಿರುಚಿನಾಪಳ್ಳಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿದರು. ಬುದ್ಧಿವಂತ ಹುಡುಗ, ಎಸ್.ಎಸ್.ಎಲ್.ಸಿ. ಪರೀಕ್ಷೆ ಸಮೀಪಿಸಿತ್ತು. ಪಾಸಾದರೆ ಯಾವುದಾದರೊಂದು ಕಚೇರಿಯಲ್ಲಿ ಗುಮಾಸ್ತಗಿರಿ ನಿಶ್ಚಯ. ಅಷ್ಟರಲ್ಲಿ ಮಹಾತ್ಮಾ ಗಾಂಧಿಯವರ ಅಸಹಕಾರದ ಕರೆ ಬಂದಿತು. ೧೯೨೧ರಲ್ಲಿ ಹುಡುಗನು ಪುಸ್ತಕಗಳನ್ನು ಬದಿಗಿಟ್ಟು ಶಾಲೆಯಿಂದ ಹೊರಬಿದ್ದನು. ಮರುವರ್ಷ ಒಂದು ವರ್ಷದ ಸೆರೆಮನೆವಾಸವೂ ಆಯಿತು.

ಎಸ್.ಎಸ್.ಎಲ್.ಸಿ.ಗೇ ನಿಂತುಹೋದವರು ನಮ್ಮ ವಾಚಕರಲ್ಲಿ ಅನೇಕರಿರುವರು. ಈ ಸಾಲುಗಳನ್ನು ಬರೆಯುತ್ತಿರುವವನೂ ಆ ಪಂಗಡದವನೇ. ನಾವು ನಿಂತದ್ದು ಮನೆಯ ತಾಪತ್ರಯದಿಂದ. ಅವರು ನಿಂತದ್ದು ದೇಶದ ಕರೆಯಿಂದ. ಆದ್ದರಿಂದ ಹೋಲಿಸಿಕೊಳ್ಳುವ ಧೈರ್ಯ ನಮಗಿಲ್ಲ. ಆದರೆ ಪದವಿಯಿಲ್ಲದವನು ಪತ್ರಿಕೆಯ ಕಚೇರಿಯ ಮೆಟ್ಟಿಲು ಹತ್ತುವಾಗ ಎದೆ ಹೇಗೆ ಹೊಡೆದುಕೊಳ್ಳುತ್ತದೆಂಬುದನ್ನು ಮಾತ್ರ ಬಲ್ಲೆವು.

ಅವರು ಮೊದಲು ಹತ್ತಿದ ಮೆಟ್ಟಿಲು ‘ನವಶಕ್ತಿ’ ಪತ್ರಿಕೆಯದು, ೧೯೨೩ರಲ್ಲಿ. ಅದರ ಸಂಪಾದಕರು ತಿರು. ವಿ. ಕಲ್ಯಾಣಸುಂದರನಾರ್ ಅವರು, ಸಾಧುಗಳು, ಕಾರ್ಮಿಕರ ಮುಂದಾಳು, ಸುಂದರವಾದ ತಮಿಳು ಗದ್ಯದ ಒಡೆಯರು. ಅಲ್ಲಿ ಕೆಲವು ವರ್ಷ ದುಡಿದ ಮೇಲೆ ಕೃಷ್ಣಮೂರ್ತಿಯವರು ರಾಜಾಜಿಯವರ ಬಳಿ ತಿರುಚೆಂಗೋಡಿನ ಗಾಂಧಿ ಆಶ್ರಮಕ್ಕೆ ಹೋಗಿ, ಪಾನನಿರೋಧಕ್ಕಾಗಿ ನಡೆಯುತ್ತಿದ್ದ ‘ವಿಮೋಚನಂ’ ಎಂಬ ಪತ್ರಿಕೆಯ ಕೆಲಸ ಮಾಡಿದರು. ಕುಡಿತದ ಕೇಡನ್ನು ಕುರಿತು ಹಳ್ಳಿಗರಿಗೆ ಉಪದೇಶಿಸುವುದೆಂದರೆ ಓದುಗನು ಓಡಿಹೋಗುವಂತಹ ವಿಷಯವಷ್ಟೆ. ಅದನ್ನೂ ಕಥೆಯಾಗಿ, ನಗೆಯಾಗಿ ಹೇಳಬೇಕೆಂಬ ಪಾಠವನ್ನು ಅವರು ಅಲ್ಲಿ ಕಲಿತಿರಬೇಕೆಂದು ನಮ್ಮ ಊಹೆ.

ಆ ವೇಳೆಗೆ, ೧೯೨೮ರಲ್ಲಿ, ‘ಆನಂದ ವಿಕಟನ್’ ಪತ್ರಿಕೆಯು ಎಸ್. ಎಸ್. ವಾಸನ್ ಅವರ ಕೈಸೇರಿತ್ತು. ಮುಂದೆ ಜೆಮಿನಿ ಸ್ಟುಡಿಯೋ ಕಟ್ಟಿ ‘ಚಂದ್ರಲೇಖಾ’ ತೆಗೆದ ವಾಸನ್ ಅವರೇ ಇವರು. ಕೃಷ್ಣಮೂರ್ತಿಯವರು ಅದಕ್ಕೆ ‘ಕಲ್ಕಿ’ ಎಂಬ ಹೆಸರಿನಿಂದ ಬರೆದು ಕಳಿಸಿದ ಹಾಸ್ಯಲೇಖನ ಮೆಚ್ಚುಗೆಯಾಯಿತು. ೧೯೩೦ರ ದಶಕದಲ್ಲಿ ಅವರೇ ಆ ಪತ್ರಿಕೆಯ ಸಂಪಾದಕ ಸ್ಥಾನದಲ್ಲಿದ್ದರು. ಕಲ್ಕಿಯೆಂಬ ಹೆಸರಿಗೆ ಎರಡು ವಿವರಣೆಗಳನ್ನು ಹೇಳುವರು. ಗುರು ಕಲ್ಯಾಣಸುಂದರನಾರರ ‘ಕಲ್’ ಮತ್ತು ತಮ್ಮ ಹೆಸರಿನ ‘ಕಿ’ ಸೇರಿ ಆದದ್ದೆಂಬುದು ಒಂದು. ಹಳೆಯ ಕಾಲವನ್ನು ಅಳಿಸಿ ಹೊಸದನ್ನು ತರುವ ಹತ್ತನೆಯ ಅವತಾರದ ಹೆಸರೇ ಅದೆಂಬುದು ಇನ್ನೊಂದು.

ಅವರಿಗಿದ್ದ ಹೆಸರು ಇದೊಂದೇ ಅಲ್ಲ. ಸಂಗೀತ ನೃತ್ಯಗಳ ವಿಮರ್ಶೆಯನ್ನು ‘ಆಡಲ್ ಪಾಡಲ್’ ಎಂಬ ಅಂಕಣದಲ್ಲಿ ಬರೆಯುವಾಗ ಅವರು ಇಟ್ಟುಕೊಂಡ ಹೆಸರು ‘ಕರ್ನಾಟಕಂ’! ನಮ್ಮ ನಾಡಿನ ಮೇಲಿನ ಪ್ರೀತಿಯಿಂದ ಇಟ್ಟುಕೊಂಡರೆಂದು ಹಿಗ್ಗಬೇಕಾಗಿಲ್ಲ. ಕರ್ನಾಟಕ ಸಂಗೀತವೆಂಬುದು ಒಂದು ಅರ್ಥ. ತಮಿಳರ ಆಡುಮಾತಿನಲ್ಲಿ ‘ಕರ್ನಾಟಕಂ’ ಎಂದರೆ ಹಳೆಯ ಕಾಲದವನು, ಹೊಸತು ತಿಳಿಯದವನು ಎಂಬುದು ಇನ್ನೊಂದು. ದೊಡ್ಡ ವಿದ್ವಾಂಸರ ಕಛೇರಿಗಳನ್ನೂ ಆ ಹೆಸರಿನ ಮರೆಯಲ್ಲಿ ನಿಂತು ನಿರ್ದಾಕ್ಷಿಣ್ಯವಾಗಿ ಚುಚ್ಚುತ್ತಿದ್ದರು. ತಮಿಳುನಾಡಿನ ಕಛೇರಿಗಳಲ್ಲಿ ತಮಿಳು ಹಾಡುಗಳಿಗೆ ಸ್ಥಾನ ಸಿಗಬೇಕೆಂಬ ತಮಿಳಿಸೈ ಚಳವಳಿಗೂ ಅವರ ಲೇಖನಿಯ ಬೆಂಬಲವಿತ್ತು.

೧೯೩೭ರಲ್ಲಿ ‘ಕಳ್ವನಿನ್ ಕಾದಲಿ’ ಧಾರಾವಾಹಿಯಾಗಿ ಬಂದಿತು. ಅನಂತರ ‘ತ್ಯಾಗಭೂಮಿ’. ಈ ಎರಡನೆಯದರಲ್ಲಿ ಒಂದು ಹೊಸ ಯುಕ್ತಿ ನಡೆಯಿತು. ಕೆ. ಸುಬ್ರಹ್ಮಣ್ಯಂ ಅವರು ಅದೇ ಕಥೆಯನ್ನು ಚಲನಚಿತ್ರವಾಗಿ ತೆಗೆಯುತ್ತಿದ್ದರು. ವಾರವಾರವೂ ಕಥೆಯ ಜೊತೆಗೆ ಚಿತ್ರದ ಫೋಟೋಗಳೇ ಅಚ್ಚಾಗುತ್ತಿದ್ದವು. ೧೯೩೯ರಲ್ಲಿ ಚಿತ್ರ ಬಿಡುಗಡೆಯಾಗಿ ಜನ ಮುಗಿಬಿದ್ದರು. ಅದರಲ್ಲಿದ್ದ ಗಾಂಧೀತತ್ವದ ಪ್ರಚಾರವನ್ನು ಸಹಿಸದೆ ಬ್ರಿಟಿಷ್ ಸರಕಾರವು ಚಿತ್ರಕ್ಕೆ ನಿಷೇಧ ಹಾಕಿತು.

ನಾರದನ ವೇಷದಿಂದ ಬಂದ ಬಂಡವಾಳ

೧೯೪೧ರಲ್ಲಿ ವೈಯಕ್ತಿಕ ಸತ್ಯಾಗ್ರಹದ ಕಾಲ. ಕಲ್ಕಿಯವರಿಗೆ ಮತ್ತೆ ಸೆರೆಮನೆಗೆ ಹೋಗುವ ತವಕ. ಪತ್ರಿಕೆಯ ಒಡೆಯರಿಗೆ ಪತ್ರಿಕೆ ನಡೆಯಬೇಕೆಂಬ ಚಿಂತೆ. ಅಭಿಪ್ರಾಯಭೇದ ಬಂದಿತು, ಕಲ್ಕಿಯವರು ‘ವಿಕಟನ್’ ಬಿಟ್ಟರು. ಇದರಲ್ಲಿ ಯಾರದು ಸರಿಯೆಂದು ಹೇಳಲು ನಮಗೆ ಮನಸ್ಸಾಗದು. ಗಲ್ಲೆಯ ಈಚೆಗೂ ಆಚೆಗೂ ನಿಂತು ನೋಡಿದವನಿಗೆ ಇಬ್ಬರ ಕಷ್ಟವೂ ತಿಳಿಯುತ್ತದೆ.

ಸೆರೆಯಿಂದ ಬಿಡುಗಡೆಯಾದ ಮೇಲೆ ಕೈಯಲ್ಲಿ ಕೆಲಸವಿಲ್ಲ. ಸ್ವಾತಂತ್ರ್ಯ ಚಳವಳಿಯ ದಿನಗಳಿಂದಲೂ ಗೆಳೆಯರಾಗಿದ್ದ ಟಿ. ಸದಾಶಿವಂ ಅವರೊಡನೆ ಕೂಡಿ ಹೊಸ ಪತ್ರಿಕೆ ಹೊರಡಿಸುವುದೆಂದಾಯಿತು. ಹಣವೆಲ್ಲಿ? ಸದಾಶಿವಂ ಅವರ ಪತ್ನಿ ಎಂ. ಎಸ್. ಸುಬ್ಬುಲಕ್ಷ್ಮಿಯವರು ‘ಸಾವಿತ್ರಿ’ ಎಂಬ ಚಿತ್ರದಲ್ಲಿ ನಾರದನ ಪಾತ್ರ ವಹಿಸಿದರು. ಗಂಡುವೇಷ ಹಾಕಿ, ತಂಬೂರಿ ಹಿಡಿದು ಹಾಡಿದ್ದಕ್ಕೆ ಬಂದ ಸಂಭಾವನೆಯೇ ಪತ್ರಿಕೆಯ ಮೂಲಧನವಾಯಿತು. ೧೯೪೧ನೆಯ ಆಗಸ್ಟಿನಲ್ಲಿ ‘ಕಲ್ಕಿ’ ವಾರಪತ್ರಿಕೆ ಹುಟ್ಟಿತು. ಹೆಂಡತಿಯ ಬಳೆ ಅಡವಿಟ್ಟು ಹೋಟೆಲು ತೆರೆದ ನಮ್ಮವರಿಗೆ ಈ ಬಂಡವಾಳದ ಕಥೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪತ್ರಿಕೆಯನ್ನು ನಿಲ್ಲಿಸಬೇಕಾದರೆ ವಾರವಾರ ಗಿರಾಕಿ ಬರಬೇಕು; ಬಂದವನು ಮುಂದಿನ ವಾರವೂ ಬರುವಂತಾಗಬೇಕು. ಅದಕ್ಕೆ ಕಲ್ಕಿಯವರು ಹೂಡಿದ ಉಪಾಯವೇ ಚಾರಿತ್ರಿಕ ಕಾದಂಬರಿ. ಮೊದಲನೆಯದು ೧೯೪೧ರಿಂದ ೧೯೪೩ರವರೆಗೆ ನಡೆದ ‘ಪಾರ್ತಿಬನ್ ಕನವು’. ಪಲ್ಲವರ ಅಡಿಯಾಳಾಗಿದ್ದ ಚೋಳ ರಾಜನೊಬ್ಬನು ಸ್ವತಂತ್ರನಾಗಬೇಕೆಂದು ಕಂಡ ಕನಸಿನ ಕಥೆ. ದೇಶವೇ ಅಂತಹ ಕನಸು ಕಾಣುತ್ತಿದ್ದ ಕಾಲ. ಏಳನೆಯ ಶತಮಾನದ ವೇಷ ಹಾಕಿಕೊಂಡು ಬಂದದ್ದರಿಂದ ಸರಕಾರದ ಕತ್ತರಿಗೆ ಅದು ಸಿಗಲಿಲ್ಲ. ಓದುಗರಿಗೆ ಮಾತ್ರ ತಿಳಿಯಿತು.

ಕಥೆಯ ಜೊತೆಗೆ ಮಣಿಯಂ ಎಂಬ ಚಿತ್ರಕಾರರ ಚಿತ್ರಗಳು. ರಾಜರ ಮುಡಿ, ಕಿವಿಯ ಓಲೆ, ಕುದುರೆಯ ಜೀನು ಎಲ್ಲವನ್ನೂ ಅವರು ಗುಡಿಗಳ ಶಿಲ್ಪಗಳನ್ನು ನೋಡಿ ಬರೆದರು. ಒಂದು ಪ್ರತಿ ಕೊಂಡರೆ ಇಡೀ ಬೀದಿ ಓದುತ್ತಿತ್ತು. ಹೆಂಗಸರು ಕಥೆಯ ಹಾಳೆಗಳನ್ನಷ್ಟೇ ಬಿಡಿಸಿ, ವರ್ಷದ ಕೊನೆಗೆ ದಾರ ಹಾಕಿ ಹೊಲಿದು ರಟ್ಟು ಕಟ್ಟಿಸಿಡುತ್ತಿದ್ದರು. ಮೂರ್ ಮಾರ್ಕೆಟ್ಟಿನಂತಹ ಹಳೆಯ ಪುಸ್ತಕದ ಅಂಗಡಿಗಳು ಹೋದರೂ, ಆ ಮನೆಹೊಲಿಗೆಯ ಸಂಪುಟಗಳು ಇಂದಿಗೂ ಚೆನ್ನೈಯ ಹಳೆಯ ಮನೆಗಳ ಅಟ್ಟದಲ್ಲಿ ಸಿಗುತ್ತವೆ.

ಶಿವಗಾಮಿ ಮತ್ತು ನಮ್ಮ ಪುಲಿಕೇಶಿ

ಇನ್ನು ನಮ್ಮ ಜಗಳದ ಕಾದಂಬರಿಗೆ ಬರೋಣ. ‘ಶಿವಗಾಮಿಯಿನ್ ಶಪಥಂ’ ೧೯೪೪ರಿಂದ ೧೯೪೬ರವರೆಗೆ ನಡೆಯಿತು. ರಸಿಕಮಣಿ ಟಿ. ಕೆ. ಚಿದಂಬರನಾಥ ಮೊದಲಿಯಾರರೊಡನೆ ಮಾಮಲ್ಲಪುರದ ಕಡಲದಂಡೆಯಲ್ಲಿ ಕುಳಿತಿದ್ದಾಗ ಅಲ್ಲಿನ ಕಲ್ಲುಗಳೇ ಜೀವಂತವಾಗಿ ಎದ್ದು ಬಂದಂತೆ ತೋರಿ ಈ ಕಥೆಗಳ ಬೀಜ ಬಿತ್ತೆಂದು ಕಲ್ಕಿಯವರು ಹೇಳಿಕೊಂಡಿದ್ದಾರೆ.

ಕಥೆಯ ಹಂದರ ಇಷ್ಟು. ಕಂಚಿಯಲ್ಲಿ ಮಹೇಂದ್ರವರ್ಮನು ಆಳುತ್ತಿದ್ದಾನೆ. ಶಿಲ್ಪ, ಚಿತ್ರ, ನಾಟ್ಯಗಳೆಂದರೆ ಅವನಿಗೆ ಪ್ರಾಣ. ಅವನ ಮಗ ನರಸಿಂಹವರ್ಮ, ಮಾಮಲ್ಲ. ಆಯನರ್ ಎಂಬ ಶಿಲ್ಪಿಯ ಮಗಳು ಶಿವಗಾಮಿ, ನಾಟ್ಯದಲ್ಲಿ ಅಪ್ರತಿಮೆ. ಅರಸುಮಗನಿಗೂ ಆಕೆಗೂ ಪ್ರೇಮ. ಆಗ ವಾತಾಪಿಯ ಪುಲಿಕೇಶಿಯು ದೊಡ್ಡ ಸೈನ್ಯದೊಡನೆ ದಂಡೆತ್ತಿ ಬಂದು ಕಂಚಿಯನ್ನು ಮುತ್ತುತ್ತಾನೆ. ಕೋಟೆ ಬೀಳುವುದಿಲ್ಲ. ಸಂಧಿಯಾಗಿ ಪುಲಿಕೇಶಿಯು ಅತಿಥಿಯಾಗಿ ಕಂಚಿಯೊಳಗೆ ಬಂದು ಉಪಚಾರ ಪಡೆಯುತ್ತಾನೆ. ಹೊರಗೆ ಹೋದಮೇಲೆ ತಾನು ಮೋಸಹೋದೆನೆಂದು ರೇಗಿ, ದಾರಿಯಲ್ಲಿ ಹಳ್ಳಿಗಳನ್ನು ಸುಡಿಸಿ ಶಿಲ್ಪಿಗಳನ್ನು ಹಿಂಸಿಸುತ್ತಾನೆ. ಶಿವಗಾಮಿಯನ್ನು ಸೆರೆಯಾಗಿ ವಾತಾಪಿಗೆ ಒಯ್ಯುತ್ತಾರೆ. ಚಾಟಿಯೇಟಿನಿಂದ ನರಳುವ ತನ್ನ ನಾಡಿನ ಬಂದಿಗಳನ್ನು ಉಳಿಸುವುದಕ್ಕಾಗಿ ಆಕೆ ವಾತಾಪಿಯ ಬೀದಿಯಲ್ಲಿ ಕುಣಿಯಬೇಕಾಗುತ್ತದೆ. ಅಂದು ಆಕೆ ಮಾಡಿದ್ದೇ ಶಪಥ: ಮಾಮಲ್ಲನು ಬಂದು ಈ ನಗರವನ್ನು ಸುಟ್ಟ ಹೊರತು ತಾನು ಇಲ್ಲಿಂದ ಕದಲುವುದಿಲ್ಲ. ಗುಟ್ಟಾಗಿ ಬಿಡಿಸಿಕೊಂಡು ಹೋಗಲು ಮಾಮಲ್ಲನೇ ವೇಷ ಮರೆಸಿಕೊಂಡು ಬಂದರೂ ಆಕೆ ಹೋಗುವುದಿಲ್ಲ.

ಇವೆಲ್ಲದರ ನಡುವೆ ನಾಗನಂದಿಯೆಂಬ ಬೌದ್ಧ ಭಿಕ್ಷು. ಅವನು ಪುಲಿಕೇಶಿಯ ಅವಳಿ ಸೋದರ, ಅದೇ ಮುಖ, ಅದೇ ಎತ್ತರ. ಅಜಂತೆಯ ಅಳಿಯದ ಬಣ್ಣದ ರಹಸ್ಯವನ್ನು ಆಸೆ ತೋರಿಸಿ ಮುಗ್ಧ ಆಯನರನ್ನು ಮರುಳುಮಾಡುವವನು. ರಾಜನಿಗೊಬ್ಬ ಅವಳಿಯನ್ನು ಜೋಡಿಸುವ ಈ ಯುಕ್ತಿಯನ್ನು ಫ್ರೆಂಚ್ ಲೇಖಕ ಅಲೆಕ್ಸಾಂಡರ್ ಡ್ಯೂಮಾ ಅವರ ಕಾದಂಬರಿಗಳನ್ನು ಓದಿದವರು ಒಡನೆ ಗುರುತಿಸುವರು. ಆದರೆ ನಾಗನಂದಿಯು ಎರವಲು ತಂದ ಬೊಂಬೆಯಲ್ಲ. ಕಲೆಯನ್ನು ಆಳವಾಗಿ ಪ್ರೀತಿಸುವವನೇ ಹೇಗೆ ಕೇಡಿಗನೂ ಆಗಬಲ್ಲನೆಂಬುದನ್ನು ಅವನಲ್ಲಿ ನೋಡಬೇಕು. ನಮ್ಮ ಮಟ್ಟಿಗೆ ಇಡೀ ಗ್ರಂಥದಲ್ಲಿ ಅವನೇ ದೊಡ್ಡ ಪಾತ್ರ.

ಇಷ್ಟಾದ ಮೇಲೆ ಕೇಳಬೇಕಾದ್ದು: ಇದರಲ್ಲಿ ನಿಜವೆಷ್ಟು? ಇಮ್ಮಡಿ ಪುಲಿಕೇಶಿಯು ಕಂಚಿಯವರೆಗೆ ದಂಡೆತ್ತಿ ಹೋದದ್ದು ನಿಜ. ಐಹೊಳೆಯ ಮೇಗುಟಿ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿಯು ಕ್ರಿ. ಶ. ೬೩೪ರಲ್ಲಿ ಬರೆಯಿಸಿದ ಸಂಸ್ಕೃತ ಶಾಸನದಲ್ಲಿ, ಪಲ್ಲವರ ಒಡೆಯನು ಸೈನ್ಯದ ಧೂಳಿಗೆ ಮಸುಕಾಗಿ ಕಂಚಿಯ ಗೋಡೆಯ ಮರೆಗೆ ಸರಿದನೆಂದು ಹೊಗಳಿಕೆಯಿದೆ. ಮುಂದೆ ನರಸಿಂಹವರ್ಮನು ಪುಲಿಕೇಶಿಯನ್ನು ಹಲವು ಕದನಗಳಲ್ಲಿ ಸೋಲಿಸಿದನೆಂದು ಪಲ್ಲವರ ಕೂರಂ ತಾಮ್ರಪಟಗಳು ಹೇಳುತ್ತವೆ. ೬೪೨ರಲ್ಲಿ ಬಾದಾಮಿ ಬಿದ್ದಿತು. ನರಸಿಂಹವರ್ಮನ ಹದಿಮೂರನೆಯ ಆಳ್ವಿಕೆಯ ವರ್ಷದ ಶಾಸನವು ಬಾದಾಮಿಯ ಬಂಡೆಯ ಮೇಲೆಯೇ ಇದೆ. ಅವನು ‘ವಾತಾಪಿಕೊಂಡ’ ಎಂಬ ಬಿರುದನ್ನು ಧರಿಸಿದನು. ಇದನ್ನು ನಾವು ಒಪ್ಪಲೇಬೇಕು. ಸೋತದ್ದನ್ನು ಸೋತೆವೆಂದು ಹೇಳಲು ನಾಚಿಕೆಯೇಕೆ?

ಆದರೆ ಶಿವಗಾಮಿಯೆಂಬವಳು ಚರಿತ್ರೆಯಲ್ಲಿಲ್ಲ. ಆಯನರ್ ಇಲ್ಲ, ನಾಗನಂದಿಯೂ ಇಲ್ಲ. ಶಿಲ್ಪಿಗಳನ್ನು ಪೀಡಿಸಿದ ಪುಲಿಕೇಶಿಯನ್ನು ಯಾವ ಶಾಸನವೂ ತೋರಿಸುವುದಿಲ್ಲ. ಬಾದಾಮಿಯ ಗುಹೆಗಳಲ್ಲಿ ಶಿಲ್ಪಗಳನ್ನು ಕೊರೆಯಿಸಿದ ವಂಶ ಅವನದು. ಕಥೆಗೆ ಖಳನೊಬ್ಬನು ಬೇಕಾಗಿತ್ತು, ಎದುರುಪಕ್ಷದ ಅರಸನೇ ಸಿಕ್ಕನು. ತಮಿಳರ ನಾಲಗೆಯ ಮೇಲೆ ಪುಲಿಕೇಶಿಗೆ ಬಂದ ಗತಿ ಇಲ್ಲಿಗೇ ಮುಗಿಯಲಿಲ್ಲ. ೨೦೦೬ರಲ್ಲಿ ವಡಿವೇಲು ಅವರು ‘ಇಪ್ಪತ್ತಮೂರನೆಯ ಪುಲಿಕೇಶಿ’ ಎಂಬ ಹೇಡಿ ರಾಜನಾಗಿ ನಗಿಸಿದ ಚಿತ್ರ ಬಂದಮೇಲೆ, ನಮ್ಮ ಗಲ್ಲೆಯ ಮುಂದೆ ಆ ಹೆಸರು ಕೇಳದ ದಿನವಿರಲಿಲ್ಲ. ಕನ್ನಡದಲ್ಲಿ ೧೯೬೭ರಲ್ಲಿ ರಾಜ್‌ಕುಮಾರ್ ಅವರು ಇಮ್ಮಡಿ ಪುಲಿಕೇಶಿಯಾಗಿದ್ದನ್ನು ಹೇಳಿ ನಾವು ಸಮಾಧಾನ ಪಟ್ಟುಕೊಂಡೆವು. ಕೇಳುವವರಾರು?

ನಮಗೆ ಈ ಕಾದಂಬರಿಯನ್ನು ಓದಲು ಕೊಟ್ಟವರು ನಿತ್ಯವೂ ಎರಡು ಇಡ್ಲಿ ಒಂದು ವಡೆಗೆ ಬರುತ್ತಿದ್ದ ಒಬ್ಬ ನಿವೃತ್ತ ಗುಮಾಸ್ತರು. ಬಸ್ಸಿನ ಬೋರ್ಡು, ಸಿನೆಮಾ ಪೋಸ್ಟರುಗಳಿಂದ ಅಕ್ಷರ ಕೂಡಿಸಿಕೊಂಡು ತಮಿಳು ಕಲಿತವರು ನಾವು. “ಇದನ್ನು ಓದಿ ಸ್ವಾಮಿ, ಭಾಷೆ ಬರುತ್ತದೆ, ಕೋಪವೂ ಬರುತ್ತದೆ” ಎಂದು ಅವರು ತಮ್ಮ ತಾಯಿಯ ಕೈಹೊಲಿಗೆಯ ಸಂಪುಟವನ್ನೇ ತಂದುಕೊಟ್ಟರು. ಎರಡೂ ಬಂದವು. ೨೦೧೬ರ ಸೆಪ್ಟೆಂಬರಿನಲ್ಲಿ ಕಾವೇರಿಯ ನೀರಿಗಾಗಿ ಎರಡೂ ರಾಜ್ಯಗಳಲ್ಲಿ ಗಲಭೆಯೆದ್ದು, ಚೆನ್ನೈಯ ಕನ್ನಡಿಗರ ಹೋಟೆಲುಗಳಿಗೆ ಕಲ್ಲು ಬೀಳುವ ಭಯ ಹುಟ್ಟಿದ ದಿನ, ನಾವು ಷಟರನ್ನು ಅರ್ಧ ಇಳಿಸಿ ಹುಡುಗರನ್ನು ಒಳಗೆ ಕೂರಿಸಿದ್ದೆವು. ಆ ಹಿರಿಯರು ಬಂದು, ಹೊರಗಿನ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು, ಕತ್ತಲಾಗುವವರೆಗೆ ದಿನಪತ್ರಿಕೆ ಓದುತ್ತ ಕುಳಿತರು. ಏಕೆಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಮರುದಿನ ಇಡ್ಲಿ ತಿನ್ನುವಾಗ ಮತ್ತೆ ವಾತಾಪಿಯ ಮಾತೆತ್ತಿ ನಕ್ಕರು.

ಕಾದಂಬರಿಯ ಕೊನೆಯನ್ನು ಹೇಳದೆ ಬಿಟ್ಟರೆ ಕಲ್ಕಿಯವರಿಗೆ ಅನ್ಯಾಯವಾದೀತು. ವಾತಾಪಿ ಸುಡುತ್ತದೆ, ಪುಲಿಕೇಶಿ ಸಾಯುತ್ತಾನೆ, ಶಪಥ ತೀರುತ್ತದೆ. ಬಿಡುಗಡೆಯಾಗಿ ಕಂಚಿಗೆ ಮರಳಿದ ಶಿವಗಾಮಿಗೆ ಮಾತ್ರ ಏನೂ ಉಳಿದಿಲ್ಲ. ಮಾಮಲ್ಲನು ಪಾಂಡ್ಯ ರಾಜಕುಮಾರಿಯನ್ನು ಮದುವೆಯಾಗಿ ಮಕ್ಕಳ ತಂದೆಯಾಗಿದ್ದಾನೆ. ಆಕೆ ಏಕಾಮ್ರನಾಥನ ಸನ್ನಿಧಿಯಲ್ಲಿ ತನ್ನ ನಾಟ್ಯವನ್ನು ದೇವರಿಗೇ ಒಪ್ಪಿಸುತ್ತಾಳೆ. ಸೇಡು ತೀರಿಸಿಕೊಂಡವಳ ಕೈ ಬರಿದಾಗಿದೆ. ಗೆದ್ದ ಪಕ್ಷದ ಲೇಖಕನು ಗೆಲುವಿನ ಕಥೆಯನ್ನು ಹೀಗೆ ಮುಗಿಸಿದ್ದಾನೆಂಬುದನ್ನು ವಾತಾಪಿಯ ಮಾತೆತ್ತುವ ಗಿರಾಕಿಗಳು ಮರೆತಿರುತ್ತಾರೆ.

ಪೊನ್ನಿಯ ಮಗ

‘ಪೊನ್ನಿಯಿನ್ ಸೆಲ್ವನ್’ ೧೯೫೦ರ ಅಕ್ಟೋಬರಿನಲ್ಲಿ ಆರಂಭವಾಗಿ ೧೯೫೪ರ ಮೇ ತಿಂಗಳವರೆಗೆ, ಮೂರೂವರೆ ವರ್ಷ ನಡೆಯಿತು. ಐದು ಭಾಗ. ಪೊನ್ನಿಯೆಂದರೆ ನಮ್ಮ ಕೊಡಗಿನಲ್ಲಿ ಹುಟ್ಟುವ ಕಾವೇರಿಯೇ. ಬಾಲಕನಾಗಿದ್ದಾಗ ಹೊಳೆಗೆ ಬಿದ್ದು, ಕಾವೇರಿಯೇ ಎತ್ತಿ ಬದುಕಿಸಿದಳೆಂದು ಜನರು ನಂಬಿದ ಅರುಳ್‌ಮೊಳಿವರ್ಮನೇ ‘ಪೊನ್ನಿಯ ಮಗ’. ಮುಂದೆ ತಂಜಾವೂರಿನ ಬೃಹದೀಶ್ವರ ದೇಗುಲ ಕಟ್ಟಿಸಿದ ರಾಜರಾಜ ಚೋಳನು.

ಆದರೆ ಕಥೆಯ ನಾಯಕ ಅವನಲ್ಲ. ವಂದಿಯದೇವನೆಂಬ ಬಡ ಯೋಧ. ಆಡಿ ತಿಂಗಳ ಹದಿನೆಂಟರಂದು, ಹೊಸ ನೀರಿನ ಹಬ್ಬದ ದಿನ, ವೀರನಾರಾಯಣ ಕೆರೆಯ ಏರಿಯ ಮೇಲೆ ಆಯಾಸಗೊಂಡ ಕುದುರೆಯೊಡನೆ ಅವನು ಬರುತ್ತಾನೆ. ಕೈಯಲ್ಲಿ ಓಲೆಗಳು, ನಾಲಗೆಯಲ್ಲಿ ಹಿಡಿತವಿಲ್ಲ, ಜೇಬಿನಲ್ಲಿ ಕಾಸಿಲ್ಲ. ಪರವೂರಿಗೆ ಕೆಲಸ ಹುಡುಕಿಕೊಂಡು ಬಂದ ಹುಡುಗನಂತೆ ಕಾಣುವ ಇವನನ್ನು ಕಲ್ಕಿಯವರು ಎಲ್ಲಿಂದ ತಂದರು ಗೊತ್ತೆ? ತಂಜಾವೂರಿನ ದೊಡ್ಡ ಗುಡಿಯ ಶಾಸನವೊಂದರಲ್ಲಿ ರಾಜರಾಜನ ಅಕ್ಕ ಕುಂದವೈಯನ್ನು ‘ವಲ್ಲವರೈಯರ್ ವಂದಿಯದೇವರ’ ಮಡದಿಯೆಂದು ಹೇಳಿದೆ. ಇದ್ದದ್ದು ಅಷ್ಟು ಮಾತ್ರ. ಆ ಒಂದು ಹೆಸರಿನಿಂದ ಎರಡು ಸಾವಿರಕ್ಕೂ ಹೆಚ್ಚು ಪುಟಗಳ ನಾಯಕನು ಎದ್ದು ಬಂದನು. ಯುವರಾಜ ಆದಿತ್ಯ ಕರಿಕಾಲನ ಕೊಲೆಯ ಪ್ರಸಂಗಕ್ಕೂ ಉಡೈಯಾರ್‌ಗುಡಿಯ ಶಾಸನದ ಆಧಾರವಿದೆ; ಕೊಲೆಗಾರರ ಹೆಸರುಗಳನ್ನು ಶಾಸನದಿಂದಲೇ ತೆಗೆದುಕೊಂಡಿದ್ದಾರೆ. ನೀಲಕಂಠ ಶಾಸ್ತ್ರಿಗಳ ಚೋಳರ ಇತಿಹಾಸವನ್ನೂ ಸದಾಶಿವ ಪಂಡಾರತ್ತಾರರ ಸಂಶೋಧನೆಯನ್ನೂ ಓದಿ, ಮಣಿಯಂ ಅವರನ್ನು ಜೊತೆಗೆ ಕರೆದುಕೊಂಡು ಸಿಂಹಳದ್ವೀಪಕ್ಕೂ ಹೋಗಿಬಂದು ಬರೆದದ್ದು ಇದು.

ಇದರಲ್ಲಿಯೂ ಕನ್ನಡದ ನೆರಳುಂಟು. ಕಥೆಯಲ್ಲಿ ಚೋಳರ ಹಿರಿಯರು ಆಗಾಗ ನೆನೆದು ನಿಟ್ಟುಸಿರಿಡುವುದು ತಕ್ಕೋಲದ ಕಾಳಗವನ್ನು. ೯೪೯ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿದ್ದ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಅಲ್ಲಿ ಕೊಂದನು. ನಮ್ಮ ಮಂಡ್ಯದ ಸೀಮೆಯ ಆತಕೂರಿನ ಕನ್ನಡ ಶಾಸನವು ಅದಕ್ಕೆ ಸಾಕ್ಷಿ. ಬೂತುಗನ ಬಂಟ ಮಣಲೆರನು ಮೆಚ್ಚುಗೆಯಾಗಿ ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿ ಪಡೆದದ್ದು, ಆ ನಾಯಿ ಹಂದಿಯೊಡನೆ ಹೋರಾಡಿ ಎರಡೂ ಸತ್ತದ್ದು ಅದೇ ಕಲ್ಲಿನ ಮೇಲಿದೆ. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಇಂತಹ ಕಥೆ ಕಲ್ಕಿಯವರ ಕೈಗೆ ಸಿಕ್ಕಿದ್ದರೆ! ಇನ್ನು ರಾಜರಾಜನ ಆಳ್ವಿಕೆಯ ಕಾಲದಲ್ಲಿಯೇ ಚೋಳ ಸೈನ್ಯವು ನಮ್ಮ ನಾಡಿನಲ್ಲಿ ಮಾಡಿದ ಅನಾಹುತವನ್ನು ೧೦೦೭ರ ಹೊಟ್ಟೂರು ಶಾಸನ ಹೇಳುತ್ತದೆ. ಹೆಂಗಸರು ಮಕ್ಕಳೆನ್ನದೆ ಕೊಂದರೆಂದು ಅದರಲ್ಲಿದೆ. ಕಲ್ಕಿಯವರ ಕಾದಂಬರಿ ಅದಕ್ಕೆ ಬಹಳ ಮೊದಲೇ, ಅರುಳ್‌ಮೊಳಿಯು ಸಿಂಹಾಸನವನ್ನು ಚಿಕ್ಕಪ್ಪ ಉತ್ತಮ ಚೋಳನಿಗೆ ಬಿಟ್ಟುಕೊಡುವ ತ್ಯಾಗದ ದೃಶ್ಯದಲ್ಲಿ ನಿಲ್ಲುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದೂ ಕಾದಂಬರಿಕಾರನ ಕೈಯಲ್ಲಿರುವ ಅಧಿಕಾರವಷ್ಟೆ.

ನಿಂತದ್ದು ಓದುಗರಿಗೆ ಸಾಲಲಿಲ್ಲ. ಇವನೇನಾದ, ಅವಳೇನಾದಳೆಂದು ಅವರು ಕೇಳಿದ್ದಕ್ಕೆ ಕಲ್ಕಿಯವರು ಮುಕ್ತಾಯದ ಮಾತಿನಲ್ಲಿ ಉತ್ತರ ಬರೆಯಬೇಕಾಯಿತು.

ಅವರಲ್ಲಿ ದೋಷಗಳಿಲ್ಲವೆಂದು ನಾವು ಹೇಳುವುದಿಲ್ಲ. ಅವರ ಕಾಲದ ‘ಮಣಿಕ್ಕೊಡಿ’ ಗುಂಪಿನ ಲೇಖಕರು, ಮುಖ್ಯವಾಗಿ ಪುದುಮೈಪಿತ್ತನ್, ಅವರನ್ನು ಕಟುವಾಗಿ ಟೀಕಿಸಿದರು. ಕಥೆಯಲ್ಲಿ ಮರೆಯಲ್ಲಿ ನಿಂತು ಮಾತು ಕೇಳುವವರು ವಿಪರೀತ, ಸುರಂಗಗಳು ವಿಪರೀತ, ಸತ್ತರೆಂದುಕೊಂಡವರು ಎದ್ದು ಬರುವುದು ಇನ್ನೂ ವಿಪರೀತ. ವಾರದ ಕೊನೆಗೆ ಓದುಗನನ್ನು ಬಾವಿಯ ಕಟ್ಟೆಯ ಮೇಲೆ ಒಂಟಿಕಾಲಿನಲ್ಲಿ ನಿಲ್ಲಿಸಿ ಹೋಗುವ ಲೇಖಕನಿಗೆ ಇದು ತಪ್ಪದು. ಆದರೆ ಅವರ ತಮಿಳನ್ನು ನೋಡಿರಿ: ಗಾದಿಯ ಮೇಲೆ ಕುಳಿತ ಸಾಹುಕಾರನೂ ಪಾತ್ರೆ ತೊಳೆಯುವ ಹುಡುಗನೂ ಒಂದೇ ಉಸಿರಿನಲ್ಲಿ ಓದಬಹುದು. ನಾವು ಓದಿದೆವಲ್ಲ, ಅದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಕಲ್ಕಿಯವರಿಗೆ ತಮ್ಮದರಲ್ಲಿ ಹೆಚ್ಚು ಅಭಿಮಾನವಿದ್ದುದು ‘ಅಲೈ ಓಸೈ’ ಎಂಬ ಸಾಮಾಜಿಕ ಕಾದಂಬರಿಯ ಮೇಲೆ. ಸ್ವಾತಂತ್ರ್ಯ ಮತ್ತು ದೇಶವಿಭಜನೆಯ ಕಾಲದ ಕಥೆ ಅದು. ೧೯೫೬ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಅದಕ್ಕೇ ಬಂದಿತು, ಪಡೆಯಲು ಅವರಿರಲಿಲ್ಲ. ೧೯೫೪ರ ಡಿಸೆಂಬರ್ ೫ರಂದು, ‘ಪೊನ್ನಿಯಿನ್ ಸೆಲ್ವನ್’ ಮುಗಿದು ಏಳು ತಿಂಗಳೂ ತುಂಬುವ ಮುನ್ನ, ಐವತ್ತೈದರ ವಯಸ್ಸಿನಲ್ಲಿ ತೀರಿಕೊಂಡರು. ಆಗ ನಡೆಯುತ್ತಿದ್ದ ‘ಅಮರತಾರಾ’ ಅರ್ಧಕ್ಕೆ ನಿಂತಿತು. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಹಿಡಿದು ಮಗಳು ಆನಂದಿಯವರು ಅದನ್ನು ಪೂರ್ತಿಮಾಡಿದರು. ಓದುಗರ ಹಣ ಕೂಡಿಸಿ ಎಟ್ಟಯಪುರದಲ್ಲಿ ಕವಿ ಸುಬ್ರಹ್ಮಣ್ಯ ಭಾರತಿಯವರಿಗೆ ಅವರು ಕಟ್ಟಿಸಿದ ಮಂಟಪ ೧೯೪೭ರಿಂದ ನಿಂತಿದೆ. ಜನ್ಮಶತಮಾನೋತ್ಸವದ ಸಂದರ್ಭದಲ್ಲಿ ತಮಿಳುನಾಡು ಸರಕಾರವು ಅವರ ಕೃತಿಗಳನ್ನು ರಾಷ್ಟ್ರೀಕರಣ ಮಾಡಿತು. ಆದ್ದರಿಂದಲ್ಲವೇ ಇಂದು ಸೆಂಟ್ರಲ್ ಸ್ಟೇಷನ್ನಿನ ಬದಿಯ ಸಣ್ಣ ಅಂಗಡಿಯಲ್ಲಿಯೂ ಅಗ್ಗದ ಪ್ರತಿಗಳು ಸಿಗುವುದು. ಎಂ. ಜಿ. ರಾಮಚಂದ್ರನ್ ಅವರು ತೆಗೆಯಬೇಕೆಂದು ಬಯಸಿ ಕೈಗೂಡದ ‘ಪೊನ್ನಿಯಿನ್ ಸೆಲ್ವನ್’ ಚಿತ್ರವನ್ನು ಮಣಿರತ್ನಂ ಅವರು ೨೦೨೨ ಮತ್ತು ೨೦೨೩ರಲ್ಲಿ ಎರಡು ಭಾಗಗಳಾಗಿ ತೆಗೆದರು. ಕನ್ನಡದ ಮಾತುಗಳೊಡನೆಯೂ ಅದು ಬಂದಿತು. ಮಾಟುಂಗದ ನಮ್ಮ ವಾಚಕರಲ್ಲಿ ಹಲವರು ತಮಿಳು ಮಿತ್ರರೊಡನೆ ಹೋಗಿ ನೋಡಿರಬಹುದು.

ಗಿರಾಕಿಯ ಮಾತಿಗೆ ಉತ್ತರ ಬೇಕೆನ್ನುವ ಚೆನ್ನೈಯ ಹುಡುಗರಿಗೆ ಒಂದು ಸೂಚನೆ. ಬಾದಾಮಿ ಬಿದ್ದು ಸುಮಾರು ತೊಂಬತ್ತು ವರ್ಷಗಳಾದ ಮೇಲೆ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದನು. ಸುಡಲಿಲ್ಲ. ರಾಜಸಿಂಹೇಶ್ವರ ದೇಗುಲದ ಸಂಪತ್ತನ್ನು ನೋಡಿ, ಅದನ್ನು ಮುಟ್ಟದೆ ದೇವರಿಗೇ ಹಿಂದಿರುಗಿಸಿದನು. ಅವನ ರಾಣಿ ಲೋಕಮಹಾದೇವಿಯು ಆ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದೇ ಇಂದಿನ ವಿರೂಪಾಕ್ಷ ದೇವಾಲಯ. ಕಂಚಿಯ ಆ ಗುಡಿಗೆ ಈಗ ಕೈಲಾಸನಾಥ ದೇವಾಲಯವೆಂದು ಹೆಸರು. ವಾರದ ರಜೆಯ ದಿನ ಬೆಳಗಿನ ಬಸ್ಸು ಹಿಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮರಳಿ ಬರಬಹುದು. ಒಳಗಿನ ಮಂಟಪದ ಒಂದು ಕಂಬದ ಮೇಲೆ ವಿಕ್ರಮಾದಿತ್ಯನ ಆ ಶಾಸನವಿದೆ, ಹಳಗನ್ನಡದಲ್ಲಿ. ಓದಲು ಬಾರದಿದ್ದರೂ ಅಕ್ಷರದ ಗುರುತು ಹತ್ತುತ್ತದೆ. ನಮ್ಮ ಹಿರಿಯ ಗಿರಾಕಿಯನ್ನು ನಾವು ಒಮ್ಮೆ ಕರೆದುಕೊಂಡು ಹೋಗಿದ್ದೆವು. ಅವರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿ, “ಇದನ್ನು ಕಲ್ಕಿ ಬರೆಯಲಿಲ್ಲವಲ್ಲ ಸ್ವಾಮಿ” ಎಂದರು.